ಚುಕ್ಕೆ ಬರಬೇಕಾದ ಕಡೆ ಬಳೆ ಕಾಣುತ್ತಿದೆ: ಸಿಗ್ನಲ್ ಅನಲೈಸರ್‌ನಲ್ಲಿ ಕ್ಯೂಪಿಎಸ್‌ಕೆ ಡಿಮಾಡ್ಯುಲೇಶನ್ ಸೆಟಪ್

ಲ್ಯಾಬ್_ಮಂಡ್ಯ
ಸೋಮವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಮ್ಯುನಿಕೇಶನ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಈ ವರ್ಷ ನಮಗೆ ಒಂದು ಸಿಗ್ನಲ್ ಅನಲೈಸರ್ ಬಂದಿದೆ, ರೇಡಿಯೋ ಸಿಗ್ನಲ್ ಅಳೆದು ತೋರಿಸುವ ಯಂತ್ರ. ವೆಕ್ಟರ್ ಡಿಮಾಡ್ಯುಲೇಶನ್, ಅಂದರೆ ಸಿಗ್ನಲ್‌ನಿಂದ ಡೇಟಾ ಬಿಡಿಸುವ ಸಾಫ್ಟ್‌ವೇರ್ ಅದರ ಜೊತೆಗೇ ಇದೆ. ಇಷ್ಟು ದಿನ ಕಾನ್‌ಸ್ಟಲೇಶನ್ (ಸಿಗ್ನಲ್‌ನ ಸ್ಥಿತಿಗಳನ್ನು ಚುಕ್ಕೆಗಳಾಗಿ ತೋರಿಸುವ ಚಿತ್ರ) ಅಂದರೆ ಬೋರ್ಡ್ ಮೇಲೆ ನಾಲ್ಕು ಚುಕ್ಕೆ ಇಟ್ಟು ತೋರಿಸುತ್ತಿದ್ದೆ. ಈ ಸಲ ನಿಜವಾದ ಸಿಗ್ನಲ್‌ನಿಂದ ಬಂದ ಚುಕ್ಕೆಗಳನ್ನು ಮಕ್ಕಳಿಗೆ ತೋರಿಸಬೇಕು ಅಂತ ಆಸೆ. ಶುಕ್ರವಾರ ಬ್ಯಾಚ್ ಇದೆ.

ಸೆಟಪ್ ಹೀಗಿದೆ. ಅಡಾಲ್ಮ್ ಪ್ಲೂಟೊ ಅನ್ನುವ ಸಣ್ಣ ರೇಡಿಯೋ ಬೋರ್ಡ್‌ನಿಂದ ಟ್ರಾನ್ಸ್‌ಮಿಟ್. ಗ್ನೂ ರೇಡಿಯೋ ಸಾಫ್ಟ್‌ವೇರ್‌ನ ಕಾನ್‌ಸ್ಟಲೇಶನ್ ಮಾಡ್ಯುಲೇಟರ್ ಬ್ಲಾಕ್, ಕ್ಯೂಪಿಎಸ್‌ಕೆ, ಅಂದರೆ ಸಿಗ್ನಲ್‌ನ ನಾಲ್ಕು ಸ್ಥಿತಿಗಳಲ್ಲಿ (ಸಿಂಬಲ್) ಬಿಟ್ ಕಳಿಸುವ ವಿಧಾನ. ಸ್ಯಾಂಪಲ್ ರೇಟ್ ಸೆಕೆಂಡಿಗೆ 20 ಲಕ್ಷ, ಒಂದು ಸಿಂಬಲ್‌ಗೆ 4 ಸ್ಯಾಂಪಲ್. ಫ್ರೀಕ್ವೆನ್ಸಿ 2450 ಮೆಗಾಹರ್ಟ್ಸ್. ಆಂಟೆನಾ ಇಲ್ಲ. ನೇರ ಕೇಬಲ್, ನಡುವೆ ಸಿಗ್ನಲ್ ತಗ್ಗಿಸುವ 20 ಡಿಬಿ ಅಟೆನ್ಯುಯೇಟರ್. ಅನಲೈಸರ್‌ನಲ್ಲಿ ಸೆಂಟರ್ 2450, ಫಾರ್ಮ್ಯಾಟ್ ಕ್ಯೂಪಿಎಸ್‌ಕೆ, ಸಿಂಬಲ್ ರೇಟ್ 1 ಮೆಗಾಹರ್ಟ್ಸ್ ಕೊಟ್ಟಿದ್ದೇನೆ. ಸೆಕೆಂಡಿಗೆ 10 ಲಕ್ಷ ಬಿಟ್ ಹೋಗುತ್ತದೆ, ಅದಕ್ಕೆ.

ನಾಲ್ಕು ಚುಕ್ಕೆ ಬರುವ ಬದಲು ದಪ್ಪ ಬಳೆಯಂಥ ಒಂದು ಉಂಗುರ ಕಾಣುತ್ತಿದೆ. ಇವಿಎಂ ಶೇ 40ರ ಆಚೆ ಈಚೆ ಓಡಾಡುತ್ತದೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಇಲ್ಲಿ ಇವಿಎಂ ಅಂದರೆ ಮತಯಂತ್ರ ಅಲ್ಲ, ಎರರ್ ವೆಕ್ಟರ್ ಮ್ಯಾಗ್ನಿಟ್ಯೂಡ್. ಚುಕ್ಕೆ ಇರಬೇಕಾದ ಜಾಗದಿಂದ ಎಷ್ಟು ದೂರ ಬಿದ್ದಿದೆ ಅನ್ನುವ ಅಳತೆ.

ಮೂರು ಸಂಜೆಯಿಂದ ಕೂತಿದ್ದೇನೆ. ಯಾರಾದರೂ ದಾರಿ ತೋರಿಸಿ.

ಕುವೆಂಪುನಗರ_ಎಸ್‌ಡಿಆರ್
ಸೋಮವಾರ, ರಾತ್ರಿ 9:32

ಮೇಡಂ, ಮೊದಲು ಸಿಂಬಲ್ ರೇಟ್ ಸರಿ ಮಾಡಿ. ಕ್ಯೂಪಿಎಸ್‌ಕೆಯಲ್ಲಿ ಒಂದು ಸಿಂಬಲ್ ಎರಡು ಬಿಟ್ ಹೊರುತ್ತದೆ. 20 ಲಕ್ಷ ಸ್ಯಾಂಪಲ್, ಸಿಂಬಲ್‌ಗೆ 4. ಅಂದರೆ ಸೆಕೆಂಡಿಗೆ 5 ಲಕ್ಷ ಸಿಂಬಲ್. ಅನಲೈಸರ್‌ಗೆ ಬೇಕಿರುವುದು 500 ಕಿಲೋಹರ್ಟ್ಸ್. ಅದಕ್ಕೆ ಬಿಟ್ ರೇಟ್ ಜೊತೆ ವ್ಯವಹಾರವೇ ಇಲ್ಲ.

ಹೂಟಗಳ್ಳಿ_ಹಳಬ
ಸೋಮವಾರ, ರಾತ್ರಿ 10:15

ಮೇಡಂ, ಮೇಲಿನ ಹುಡುಗ ಹೇಳಿದ್ದು ಸರಿ. ಆದರೆ ಸಂಖ್ಯೆ ಬದಲಾಯಿಸುವ ಮುಂಚೆ ಒಂದು ಮಾತು ಕೇಳಿ.

ನಾನು ಆರ್‌ಎಫ್ ಟೆಸ್ಟ್ ಬೆಂಚ್ ಮುಂದೆ 31 ವರ್ಷ ಕೂತವನು. ಹೊಸಬರು ಯಾರೇ ಬಂದರೂ ಮೊದಲು ಡಿಮಾಡ್ಯುಲೇಶನ್ ಬಟನ್ನನ್ನೇ ಒತ್ತುತ್ತಾರೆ. ದಯವಿಟ್ಟು ಅದನ್ನು ಈಗ ಆಫ್ ಮಾಡಿ. ಅನಲೈಸರ್ ಸಿಗ್ನಲ್ ನೋಡಿ ತಾನಾಗಿ ಏನನ್ನೂ ಊಹಿಸುವುದಿಲ್ಲ. ನೀವು ಹೇಳಿದ್ದನ್ನು ನಂಬಿಕೊಂಡು ಲೆಕ್ಕ ಹಾಕುತ್ತದೆ. ತಪ್ಪು ಹೇಳಿದರೂ ಒಂದು ಚಿತ್ರ ಬರೆದುಕೊಡುತ್ತದೆ, ಒಂದು ಸಂಖ್ಯೆಯನ್ನೂ ಕೊಡುತ್ತದೆ. ಅದಕ್ಕೆ ಮೊದಲು ಸುಮ್ನೆ ಸ್ಪೆಕ್ಟ್ರಮ್ ನೋಡಿ, ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಶಕ್ತಿ ಇದೆ ಅನ್ನುವ ಚಿತ್ರ.

ಸ್ಪ್ಯಾನ್ 3 ಮೆಗಾಹರ್ಟ್ಸ್ ಇಡಿ. ಅವರೇಜಿಂಗ್ ಹಾಕಿ. ಮೇಲ್ಭಾಗ ಚಪ್ಪಟೆಯಾದ ದಿಬ್ಬದಂತೆ ಕಾಣಬೇಕು. ದಿಬ್ಬದ ಮೇಲಿಂದ 3 ಡಿಬಿ ಕೆಳಗೆ, ಎಡಕ್ಕೊಂದು ಬಲಕ್ಕೊಂದು ಮಾರ್ಕರ್ ಇಡಿ. ಎರಡರ ನಡುವಿನ ಅಂತರವೇ ನಿಮ್ಮ ಸಿಂಬಲ್ ರೇಟ್. ರೂಟ್ ರೈಸ್ಡ್ ಕೊಸೈನ್ ಫಿಲ್ಟರ್ ಹಾಕಿದ ಸಿಗ್ನಲ್‌ಗೆ ಇದು ನಿಜ, ಆಲ್ಫಾ (ದಿಬ್ಬದ ಅಂಚು ಎಷ್ಟು ಹರಡಿದೆ ಅನ್ನುವ ಸಂಖ್ಯೆ) ಎಷ್ಟೇ ಇರಲಿ. ಪೂರ್ತಿ ಅಗಲ ಬೇಕಾದರೆ ಒಂದಕ್ಕೆ ಆಲ್ಫಾ ಕೂಡಿಸಿ, ಅದನ್ನು ಸಿಂಬಲ್ ರೇಟ್‌ನಿಂದ ಗುಣಿಸಿ. ನಿಮ್ಮದು 500 ಕಿಲೋಹರ್ಟ್ಸ್, ಆಲ್ಫಾ 0.35 ಆದರೆ 675 ಕಿಲೋಹರ್ಟ್ಸ್ ಬರುತ್ತದೆ.

ಆಮೇಲೆ ಆ ಎರಡು ಮಾರ್ಕರ್‌ಗಳ ನಟ್ಟನಡು ಎಲ್ಲಿದೆ ನೋಡಿ. 2450ರಲ್ಲೇ ಇದೆಯಾ? ನಿಮ್ಮ ಬೋರ್ಡ್‌ನ ಕ್ರಿಸ್ಟಲ್ 25 ಪಿಪಿಎಂ (ಹತ್ತು ಲಕ್ಷಕ್ಕೆ 25 ಪಾಲು) ಆಚೀಚೆ ಇರಬಹುದು. 2450 ಮೆಗಾಹರ್ಟ್ಸ್‌ನಲ್ಲಿ ಅದು 61 ಕಿಲೋಹರ್ಟ್ಸ್. ಡಿಮಾಡ್ಯುಲೇಟರ್ ಕ್ಯಾರಿಯರ್ ಹಿಡಿಯಬೇಕಾದರೆ ಈ ಫ್ರೀಕ್ವೆನ್ಸಿ ವ್ಯತ್ಯಾಸ ಸಿಂಬಲ್ ರೇಟ್‌ನ ಕೆಲವೇ ಶೇಕಡಾ ಒಳಗೆ ಇರಬೇಕು. ಮೀರಿದರೆ ಕಾನ್‌ಸ್ಟಲೇಶನ್ ಗಿರಗಿರ ತಿರುಗುತ್ತದೆ. ತಿರುಗುವ ನಾಲ್ಕು ಚುಕ್ಕೆ ಕಣ್ಣಿಗೆ ಬಳೆಯಾಗಿ ಕಾಣುತ್ತದೆ.

ಇನ್ನೊಂದು. ಯಂತ್ರ ಆನ್ ಮಾಡಿ ಅರ್ಧ ಗಂಟೆ ಬಿಟ್ಟು ಅಳತೆ ಮಾಡಿ. ಕರೆಂಟ್ ಹೋಗಿ ಬಂದರೆ ಮತ್ತೆ ಅರ್ಧ ಗಂಟೆ. ಒಳಗಿನ ರೆಫರೆನ್ಸ್ ಆಸಿಲೇಟರ್ ಬಿಸಿಯಾಗಿ ನಿಲ್ಲಬೇಕು. ಯುಪಿಎಸ್ ಇಲ್ಲದಿದ್ದರೆ ಕಾಲೇಜಿನಲ್ಲಿ ಕೇಳಿ ಹಾಕಿಸಿಕೊಳ್ಳಿ.

ಸ್ಪೆಕ್ಟ್ರಮ್‌ನ ಫೋಟೋ ಹಾಕಿ. ಅದನ್ನು ನಾನು ನೋಡಬೇಕು.

ಲ್ಯಾಬ್_ಮಂಡ್ಯ
ಮಂಗಳವಾರ, ಸಂಜೆ 5:48

ಸರ್, ನೀವು ಹೇಳಿದಂತೆಯೇ ಮಾಡಿದೆ. ಮಾರ್ಕರ್ ಅಂತರ 499 ಕಿಲೋಹರ್ಟ್ಸ್ ಬಂತು. ಇಷ್ಟು ಸರಳವಾಗಿ ಗೊತ್ತಾಗುತ್ತದೆ ಅಂತ ನನಗೆ ತಿಳಿದಿರಲಿಲ್ಲ. ಪಾಠ ಮಾಡುವಾಗ ರೈಸ್ಡ್ ಕೊಸೈನ್ ಚಿತ್ರ ಎಷ್ಟು ಸಲ ಬರೆದಿದ್ದೇನೋ.

ನಡು ಜಾಗ 2450ಕ್ಕಿಂತ 31 ಕಿಲೋಹರ್ಟ್ಸ್ ಕೆಳಗಿತ್ತು. ಅನಲೈಸರ್‌ನ ಸೆಂಟರ್ ಅಷ್ಟು ಕೆಳಗೆ ಸರಿಸಿದೆ. ಸಿಂಬಲ್ ರೇಟ್ 500 ಕಿಲೋಹರ್ಟ್ಸ್ ಕೊಟ್ಟೆ. ಡಿಮಾಡ್ಯುಲೇಶನ್ ಆನ್ ಮಾಡಿದ ಕೂಡಲೇ ಬಳೆ ಒಡೆದು ನಾಲ್ಕು ಗುಂಪಾಯಿತು! ಪಕ್ಕದಲ್ಲಿದ್ದ ಅಟೆಂಡರ್ ಅಣ್ಣ ಕೂಡ ಬಂದು ನೋಡಿದರು.

ಆದರೆ ಗುಂಪುಗಳು ದಪ್ಪ ಇವೆ. ಇವಿಎಂ ಶೇ 13. ಫೋಟೋ ಹಾಕಿದ್ದೇನೆ, ಸ್ಪೆಕ್ಟ್ರಮ್‌ದೂ ಕಾನ್‌ಸ್ಟಲೇಶನ್‌ದೂ.

ಹೆಬ್ಬಾಳ_ಬೆಂಚ್
ಮಂಗಳವಾರ, ಸಂಜೆ 7:20

ಈಕ್ವಲೈಸರ್ ಆನ್ ಮಾಡಿ ಮೇಡಂ, ಫಿಲ್ಟರ್ ಕೇಬಲ್‌ಗಳಲ್ಲಿ ಸಿಗ್ನಲ್ ಕೆಟ್ಟದ್ದನ್ನು ಅದೇ ಸರಿಪಡಿಸುತ್ತದೆ. ನಮ್ಮಲ್ಲಿ ಪ್ರೊಡಕ್ಷನ್ ಲೈನ್‌ನಲ್ಲಿ ಹಾಗೇ ಮಾಡುತ್ತೇವೆ. ತಕ್ಷಣ ಇಳಿಯುತ್ತದೆ. ಶುಕ್ರವಾರಕ್ಕೆ ಕ್ಲಾಸ್ ಇದೆ ಅಂದಿದ್ದೀರಿ, ಸಮಯ ಉಳಿಯುತ್ತದೆ.

ಹೂಟಗಳ್ಳಿ_ಹಳಬ
ಮಂಗಳವಾರ, ರಾತ್ರಿ 8:05

ಈಗಲೇ ಬೇಡ. ಈಕ್ವಲೈಸರ್ ಕೆಟ್ಟದ್ದಲ್ಲ. ಆದರೆ ಅದು ಫಿಲ್ಟರ್ ತಪ್ಪನ್ನು ಮುಚ್ಚಿಹಾಕುತ್ತದೆ. ಪ್ರೊಡಕ್ಷನ್ ಲೈನ್‌ನಲ್ಲಿ ಸ್ಟ್ಯಾಂಡರ್ಡ್ ಹೇಳಿದ್ದರೆ ಹಾಕಿ. ಕಲಿಸುವ ಲ್ಯಾಬಿನಲ್ಲಿ ತಪ್ಪು ಎಲ್ಲಿದೆ ಅಂತ ಕಂಡುಹಿಡಿಯುವುದೇ ಪಾಠ ಅಲ್ವಾ? ಅದನ್ನು ಮುಚ್ಚಿಬಿಟ್ಟರೆ ಮಕ್ಕಳಿಗೆ ಏನು ಉಳಿಯುತ್ತದೆ.

ಮೇಡಂ, ಫಿಲ್ಟರ್ ಮೆನುವಿನಲ್ಲಿ ಏನೇನಿದೆ ಹಾಗೇ ಬರೆಯಿರಿ.

ಲ್ಯಾಬ್_ಮಂಡ್ಯ
ಮಂಗಳವಾರ, ರಾತ್ರಿ 8:30

ಮೆಷರ್‌ಮೆಂಟ್ ಫಿಲ್ಟರ್: ಆಫ್. ರೆಫರೆನ್ಸ್ ಫಿಲ್ಟರ್: ರೈಸ್ಡ್ ಕೊಸೈನ್. ಆಲ್ಫಾ: 0.22. ಡೆಮೊ ಕೊಡಲು ಬಂದವರು ಬಿಟ್ಟುಹೋದ ಹಾಗೇ ಇದೆ. ಎರಡು ಫಿಲ್ಟರ್ ಯಾಕೆ ಬೇಕು ಅಂತಲೇ ನನಗೆ ಸ್ಪಷ್ಟವಿಲ್ಲ ಸರ್.

ಹೂಟಗಳ್ಳಿ_ಹಳಬ
ಮಂಗಳವಾರ, ರಾತ್ರಿ 9:25

ಒಳ್ಳೆ ಪ್ರಶ್ನೆ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಎಲ್ಲರೂ ಎಡವುವ ಜಾಗ ಇದು.

ಸಿಂಬಲ್‌ಗಳು ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳುವುದು ರೈಸ್ಡ್ ಕೊಸೈನ್ ಫಿಲ್ಟರ್‌ನ ಕೆಲಸ. ಆ ಕೆಲಸವನ್ನು ಎರಡು ಪಾಲು ಮಾಡುತ್ತಾರೆ. ಒಂದು ಪಾಲು ಟ್ರಾನ್ಸ್‌ಮಿಟರ್‌ನಲ್ಲಿ, ಇನ್ನೊಂದು ರಿಸೀವರ್‌ನಲ್ಲಿ. ಒಂದೊಂದು ಪಾಲಿನ ಹೆಸರೇ ರೂಟ್ ರೈಸ್ಡ್ ಕೊಸೈನ್. ಎರಡೂ ಸೇರಿದಾಗ ಪೂರ್ತಿ ರೈಸ್ಡ್ ಕೊಸೈನ್ ಆಗುತ್ತದೆ.

ನಿಮ್ಮ ಪ್ಲೂಟೊದಿಂದ ಬರುವ ಸಿಗ್ನಲ್‌ಗೆ ಒಂದು ಪಾಲು ಮಾತ್ರ ಆಗಿದೆ. ರಿಸೀವರ್ ಪಾಲನ್ನು ಅನಲೈಸರ್ ಹಾಕಬೇಕು. ಅದೇ ಮೆಷರ್‌ಮೆಂಟ್ ಫಿಲ್ಟರ್. ಅದನ್ನು ರೂಟ್ ರೈಸ್ಡ್ ಕೊಸೈನ್‌ಗೆ ಇಡಿ.

ರೆಫರೆನ್ಸ್ ಫಿಲ್ಟರ್ ಬೇರೆ ವಿಚಾರ. ಅನಲೈಸರ್ ನಿಮ್ಮ ಸಿಗ್ನಲ್‌ನಿಂದ ಬಿಟ್‌ಗಳನ್ನು ತೆಗೆಯುತ್ತದೆ. ಅವೇ ಬಿಟ್‌ಗಳಿಂದ ಕಿಂಚಿತ್ತೂ ತಪ್ಪಿಲ್ಲದ ಒಂದು ಸಿಗ್ನಲ್ಲನ್ನು ತನ್ನೊಳಗೇ ಕಟ್ಟುತ್ತದೆ. ನಿಮ್ಮದನ್ನು ಅದರ ಪಕ್ಕ ಇಟ್ಟು ಕಳೆಯುತ್ತದೆ. ಉಳಿದದ್ದು ಎರರ್ ವೆಕ್ಟರ್. ಆ ಮಾದರಿ ಸಿಗ್ನಲ್ ಎರಡೂ ಪಾಲು ಮುಗಿಸಿದಂತೆ ಇರಬೇಕು. ಅದಕ್ಕೇ ರೆಫರೆನ್ಸ್ ಮಾತ್ರ ಪೂರ್ತಿ ರೈಸ್ಡ್ ಕೊಸೈನ್. ಅದು ಸರಿಯಾಗೇ ಇದೆ.

ಈಗ ಆಲ್ಫಾ. 0.22 ಡಬ್ಲ್ಯುಸಿಡಿಎಂಎಗೆ (3ಜಿ ಮೊಬೈಲ್). 0.35 ಟೆಟ್ರಾಗೆ (ಪೊಲೀಸರಂಥವರ ಡಿಜಿಟಲ್ ವಾಕಿಟಾಕಿ ವ್ಯವಸ್ಥೆ). ಗ್ನೂ ರೇಡಿಯೋ ಬ್ಲಾಕ್‌ನಲ್ಲಿ ಎಕ್ಸೆಸ್ ಬ್ಯಾಂಡ್‌ವಿಡ್ತ್ ಅಂತ ಇರುತ್ತದಲ್ಲ, ಅದೇ ಆಲ್ಫಾ. ನೀವು ಮುಟ್ಟಿಲ್ಲದಿದ್ದರೆ 0.35 ಇರುತ್ತದೆ.

ಆಲ್ಫಾ ತಪ್ಪಿದೆಯಾ ಅಂತ ತಿಳಿಯಲು ಒಂದು ಗುರುತಿದೆ. ಇವಿಎಂ ಅನ್ನು ಸಮಯದ ಎದುರು ನೋಡಿ. ಪಾಯಿಂಟ್ಸ್ ಪರ್ ಸಿಂಬಲ್ 5 ಅಥವಾ 10 ಇಡಿ. ಸಿಂಬಲ್ ಜಾಗದಲ್ಲಿ ತಪ್ಪು ಕಡಿಮೆ, ನಡುನಡುವೆ ಜಾಸ್ತಿ ಕಂಡರೆ ಆಲ್ಫಾ ಅನುಮಾನಿಸಿ. ಮಧ್ಯೆ ತಗ್ಗಿ ಎರಡೂ ತುದಿಗೆ ಏರಿದರೆ, ಅಂದರೆ ಇಂಗ್ಲಿಷ್ ವಿ ಅಕ್ಷರದಂತೆ ಕಂಡರೆ, ಸಿಂಬಲ್ ರೇಟ್ ಸ್ವಲ್ಪ ತಪ್ಪಿದೆ ಅಂತ ಅರ್ಥ.

ಕಬ್ಬಿನಗದ್ದೆ
ಮಂಗಳವಾರ, ರಾತ್ರಿ 9:50

ಅಕ್ಕ, ಸರ್, ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ನಾನು ಪಾಂಡವಪುರ ಕಡೆಯವನು. ಡಿಪ್ಲೊಮಾ ಓದಿದ್ದೇನೆ, ಈಗ ವ್ಯವಸಾಯ. ಗದ್ದೆಯಲ್ಲಿ ಮಣ್ಣಿನ ತೇವ ಅಳೆಯುವ ಎರಡು ಸೆನ್ಸರ್ ಹಾಕಿದ್ದೇನೆ. ಪಂಪ್‌ಹೌಸ್‌ನಲ್ಲಿ ರಿಸೀವರ್. ಮಾರಿದವರು 865 ಮೆಗಾಹರ್ಟ್ಸ್, ಡಿಜಿಟಲ್ ಅಂದರು ಅಷ್ಟೇ. ನಾಟಿ ಮಾಡಿದ ಹೊಸದರಲ್ಲಿ ಚೆನ್ನಾಗಿತ್ತು. ಈಗ ಕಬ್ಬು ತಲೆ ಮೀರಿ ಬೆಳೆದಿದೆ, ಹತ್ತಕ್ಕೆ ಆರು ಸಲ ಡೇಟಾ ಬರುವುದೇ ಇಲ್ಲ. ಇದನ್ನೂ ಹೀಗೇ ಡಿಮಾಡ್ಯುಲೇಟ್ ಮಾಡಿ ನೋಡಬಹುದಾ?

ಕುವೆಂಪುನಗರ_ಎಸ್‌ಡಿಆರ್
ಮಂಗಳವಾರ, ರಾತ್ರಿ 10:20

ಅಣ್ಣ, ಸೆನ್ಸರ್ ಡಬ್ಬಿ ಬಿಚ್ಚಿದರೆ ರೇಡಿಯೋ ಚಿಪ್ ಮೇಲೆ ಏನು ಬರೆದಿದೆ ನೋಡಿ ಹೇಳಿ. ಸಿಸಿ1101 ಇದ್ದರೆ ಎಫ್‌ಎಸ್‌ಕೆ (ಫ್ರೀಕ್ವೆನ್ಸಿ ಬದಲಾಯಿಸಿ ಬಿಟ್ ಕಳಿಸುವ ವಿಧಾನ) ಇರುವ ಸಂಭವ ಜಾಸ್ತಿ. ಎಸ್‌ಎಕ್ಸ್1276 ಇದ್ದರೆ ಕಡಿಮೆ ಪವರ್‌ನಲ್ಲಿ ದೂರಕ್ಕೆ ಕಳಿಸುವ ಲೋರಾ ಇರಬಹುದು, ಎಫ್‌ಎಸ್‌ಕೆ ಕೂಡ ಆಗಬಹುದು, ಆ ಚಿಪ್ ಎರಡನ್ನೂ ಮಾಡುತ್ತದೆ. 865ರಿಂದ 867 ಮೆಗಾಹರ್ಟ್ಸ್ ನಮ್ಮ ದೇಶದಲ್ಲಿ 2005ರಿಂದ ಲೈಸೆನ್ಸ್ ಇಲ್ಲದೆ ಕಡಿಮೆ ಪವರ್‌ನಲ್ಲಿ ಬಳಸಬಹುದಾದ ಬ್ಯಾಂಡ್. ಹಾಗಾಗಿ ಇಂಥ ಸೆನ್ಸರ್‌ಗಳೆಲ್ಲ ಅಲ್ಲೇ ಕೂರುತ್ತವೆ.

ದೊಡ್ಡ ಅನಲೈಸರ್ ಬೇಕಿಲ್ಲ. ನನ್ನ ಹತ್ತಿರ ಆರ್‌ಟಿಎಲ್ ಡಾಂಗಲ್ ಇದೆ, ಕಂಪ್ಯೂಟರ್‌ಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್. 8 ಬಿಟ್, ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ ಆರಾಮಾಗಿ ತೆಗೆದುಕೊಳ್ಳುತ್ತದೆ. ಭಾನುವಾರ ನಾನೇ ಬರುತ್ತೇನೆ, ಮೈಸೂರಿನಿಂದ ಎಷ್ಟು ದೂರ ಮಹಾ.

ಹೂಟಗಳ್ಳಿ_ಹಳಬ
ಮಂಗಳವಾರ, ರಾತ್ರಿ 10:45

ಹೋಗಿ ಬನ್ನಿ, ಒಳ್ಳೇದು. ಒಂದೆರಡು ವಿಷಯ ತಿಳಿದಿರಲಿ.

ಇದು ಮೇಡಂ ಸಿಗ್ನಲ್‌ನಂತೆ ಸದಾ ಹರಿಯುವುದಿಲ್ಲ. ನಿಮಿಷಕ್ಕೋ ಹತ್ತು ನಿಮಿಷಕ್ಕೋ ಒಂದು ಸಲ ಮಿಂಚಿನಂತೆ ಬಂದು ಹೋಗುತ್ತದೆ. ಅನಲೈಸರ್‌ನಲ್ಲಾದರೆ ಫ್ರೀ ರನ್ ಬಿಟ್ಟು, ಸಿಗ್ನಲ್ ಎದ್ದಾಗ ಮಾತ್ರ ಅಳೆಯುವ ಮ್ಯಾಗ್ನಿಟ್ಯೂಡ್ ಟ್ರಿಗರ್ ಹಾಕಬೇಕು. ಟ್ರಿಗರ್ ಮಟ್ಟ ನಾಯ್ಸ್‌ಗಿಂತ 10 ಡಿಬಿಯಷ್ಟು ಮೇಲಿರಲಿ. ಡಿಲೇ ಮೈನಸ್ ಕೊಡಿ. ಇಲ್ಲದಿದ್ದರೆ ಆ ಮಿಂಚಿನ (ಬರ್ಸ್ಟ್) ತಲೆಯೇ ತಪ್ಪಿಹೋಗುತ್ತದೆ. ತಲೆಯಲ್ಲೇ ಪ್ರಿಆಂಬಲ್ ಇರುವುದು, ಒಂದು ಸೊನ್ನೆ ಒಂದು ಸೊನ್ನೆ ಅಂತ. ಆಮೇಲೆ ಸಿಂಕ್ ವರ್ಡ್, ಸಂದೇಶ ಎಲ್ಲಿ ಶುರು ಅಂತ ಹೇಳುವ ಗುರುತು. ಸಿಂಕ್ ವರ್ಡ್ ಗೊತ್ತಿದ್ದರೆ ಅನಲೈಸರ್‌ನ ಸಿಂಕ್ ಸರ್ಚ್‌ಗೆ ಕೊಡಿ, ಪ್ರತಿ ಸಲ ಒಂದೇ ಜಾಗದಿಂದ ಬಿಟ್ ಎಣಿಸುತ್ತದೆ. ಎಫ್‌ಎಸ್‌ಕೆಗೆ ಸಿಂಬಲ್ ರೇಟ್ ಜೊತೆ ಡೀವಿಯೇಶನ್ (ಫ್ರೀಕ್ವೆನ್ಸಿ ನಡುವಿನಿಂದ ಎಷ್ಟು ಸರಿಯುತ್ತದೆ) ಸಹ ಬೇಕು. 38.4 ಕಿಲೋಬಾಡ್‌ಗೆ 20 ಕಿಲೋಹರ್ಟ್ಸ್ ಡೀವಿಯೇಶನ್ ಅಂತ ಸಿಸಿ1101 ಡೇಟಾಶೀಟ್‌ನಲ್ಲೇ ಉದಾಹರಣೆ ಇದೆ.

ಲೋರಾ ಆಗಿದ್ದರೆ ಕ್ಯೂಪಿಎಸ್‌ಕೆ, ಎಫ್‌ಎಸ್‌ಕೆ ಮೆನುಗಳಲ್ಲಿ ಹುಡುಕಬೇಡಿ. ಅದು ಚರ್ಪ್. ಸ್ಪೆಕ್ಟ್ರೋಗ್ರಾಮ್ ಹಾಕಿ. ಫ್ರೀಕ್ವೆನ್ಸಿ ಒಂದು ತುದಿಯಿಂದ ಇನ್ನೊಂದಕ್ಕೆ ಓರೆಯಾಗಿ ಏರುವ ಗೆರೆಗಳು ಕಾಣುತ್ತವೆ. 125 ಕಿಲೋಹರ್ಟ್ಸ್ ಅಗಲ, ಸ್ಪ್ರೆಡಿಂಗ್ ಫ್ಯಾಕ್ಟರ್ 7 ಆದರೆ ಒಂದು ಸಿಂಬಲ್ 1.024 ಮಿಲಿಸೆಕೆಂಡ್. 12 ಆದರೆ 32.768. ಗೆರೆಯ ಉದ್ದ ಅಳೆದರೆ ಸಾಕು, ಯಾವುದು ಅಂತ ಗೊತ್ತಾಗುತ್ತದೆ.

ಮತ್ತೆ, ನಿಮ್ಮ ಸೆನ್ಸರ್ ಮಾತ್ರ ನೋಡಿ. ಬೇರೆಯವರ ಸಂದೇಶವನ್ನು ಅನುಮತಿ ಇಲ್ಲದೆ ಹಿಡಿದು ಬಿಡಿಸುವುದು 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅಪರಾಧ. ಈ ಮಾತನ್ನು ನಾನು ನನ್ನ ಕೈಕೆಳಗಿನ ಹುಡುಗರಿಗೂ ಮೊದಲ ದಿನವೇ ಹೇಳುತ್ತಿದ್ದೆ.

ಲ್ಯಾಬ್_ಮಂಡ್ಯ
ಬುಧವಾರ, ಸಂಜೆ 6:10

ಫಿಲ್ಟರ್ ಸರಿ ಮಾಡಿದೆ ಸರ್. ಮೆಷರ್‌ಮೆಂಟ್ ರೂಟ್ ರೈಸ್ಡ್ ಕೊಸೈನ್, ಆಲ್ಫಾ 0.35. ಶೇ 13 ಇದ್ದದ್ದು ಶೇ 6ಕ್ಕೆ ಇಳಿಯಿತು. ಆದರೆ ಅಲ್ಲೇ ನಿಂತಿದೆ. ಹೆಬ್ಬಾಳದ ಸರ್ ಹೇಳಿದ ಈಕ್ವಲೈಸರ್ ಹಾಕಿ ನೋಡಿದೆ, ಶೇ 5.8. ಹೆಚ್ಚೇನೂ ಬದಲಾಗಲಿಲ್ಲ.

ಎರರ್ ಸಮ್ಮರಿ: ಮ್ಯಾಗ್ನಿಟ್ಯೂಡ್ ಎರರ್ ಶೇ 4.2, ಫೇಸ್ ಎರರ್ 2.4 ಡಿಗ್ರಿ. ಐಕ್ಯೂ ಆಫ್‌ಸೆಟ್ ಮೈನಸ್ 38 ಡಿಬಿ.

ಕಳಿಸುತ್ತಿರುವ ಡೇಟಾ ಒಂದು ಟೆಕ್ಸ್ಟ್ ಫೈಲ್. ಕಾಲೇಜಿನ ಹೆಸರು ಮತ್ತೆ ಮತ್ತೆ ಬರುತ್ತದೆ.

ಹೂಟಗಳ್ಳಿ_ಹಳಬ
ಬುಧವಾರ, ಸಂಜೆ 7:35

ಮೊದಲು ಆ ಟೆಕ್ಸ್ಟ್ ಫೈಲ್ ತೆಗೆದುಬಿಡಿ. ಒಂದೇ ಸಾಲು ಸುತ್ತಿ ಸುತ್ತಿ ಬಂದರೆ ಕೆಲವು ಸಿಂಬಲ್ ಜೋಡಿಗಳು ಬರುವುದೇ ಇಲ್ಲ. ಡಿಮಾಡ್ಯುಲೇಟರ್‌ಗೆ ಲಾಕ್ ಆಗಲು ನಾಲ್ಕೂ ಸಿಂಬಲ್ ಕಲಸಿಕೊಂಡು ಬರಬೇಕು. ಈಕ್ವಲೈಸರ್‌ಗಂತೂ ಇನ್ನೂ ಜಾಸ್ತಿ ಬೇಕು. ಪಿಎನ್9 ಅನ್ನುವ ಕಲಸಿದ ಬಿಟ್ ಸಾಲು ಹಾಕಿ, 511 ಬಿಟ್‌ಗೆ ಒಂದು ಸುತ್ತು. ರಿಸಲ್ಟ್ ಲೆಂತ್ 500 ಸಿಂಬಲ್ ಇಡಿ. ಸಂಖ್ಯೆ ಒಂದೇ ಕಡೆ ನಿಲ್ಲುತ್ತದೆ.

ಈಗ ನಿಮ್ಮ ಎರರ್ ಸಮ್ಮರಿ. ಒಂದು ಡಿಗ್ರಿ ಫೇಸ್ ಎರರ್ ಅಂದರೆ ಸುಮಾರು ಶೇ 1.75. ನಿಮ್ಮ 2.4 ಡಿಗ್ರಿ ಅಂದರೆ ಶೇ 4.2. ಮ್ಯಾಗ್ನಿಟ್ಯೂಡ್ ಎರರ್ ಕೂಡ ಶೇ 4.2. ಎರಡೂ ಸಮ. ಫೇಸ್ ಮಾತ್ರ ಜಾಸ್ತಿ ಇದ್ದಿದ್ದರೆ ಲೋಕಲ್ ಆಸಿಲೇಟರ್ ಕಡೆ ಬೆರಳು ತೋರಿಸುತ್ತಿದ್ದೆ. ಅದಲ್ಲ. ಈಕ್ವಲೈಸರ್‌ಗೂ ಬಗ್ಗಲಿಲ್ಲ. ಅಂದರೆ ಫಿಲ್ಟರ್, ಕೇಬಲ್ ತರಹದ ಲೀನಿಯರ್ ತಪ್ಪೂ ಅಲ್ಲ. ಹೆಬ್ಬಾಳದವರ ಸಲಹೆ ಈ ರೀತಿ ಉಪಯೋಗಕ್ಕೆ ಬಂತು ನೋಡಿ. ಈಕ್ವಲೈಸರ್‌ನಿಂದ ಇಳಿಯದ ತಪ್ಪು ಒಂದೋ ನಾಯ್ಸ್, ಇಲ್ಲವೇ ಡಿಸ್ಟಾರ್ಶನ್.

ಶೇ 6 ಅಂದರೆ ಸಿಗ್ನಲ್‌ಗಿಂತ ಕಸ 24 ಡಿಬಿ ಕೆಳಗೆ ಮಾತ್ರ ಇದೆ. ಕೇಬಲ್‌ನಲ್ಲಿ ನೇರ ಸಿಕ್ಕಿಸಿರುವ ಸಿಗ್ನಲ್‌ಗೆ ಇಷ್ಟು ನಾಯ್ಸ್ ಬರುವುದು ಕಷ್ಟ. ಆದರೂ ಇನ್‌ಪುಟ್ ರೇಂಜ್ ನೋಡಿಬಿಡಿ. ರೇಂಜ್ ಇಳಿಸುತ್ತಾ ಬನ್ನಿ, ಓವರ್‌ಲೋಡ್ ಸೂಚನೆ ಬಂದ ಕೂಡಲೇ ಒಂದು ಹೆಜ್ಜೆ ಮೇಲಕ್ಕೆ. ಅಲ್ಲಿ ಎಡಿಸಿ (ಸಿಗ್ನಲ್ಲನ್ನು ಸಂಖ್ಯೆಯಾಗಿಸುವ ಭಾಗ) ಪೂರ್ತಿ ಬಳಕೆಯಾಗುತ್ತದೆ. ಇವಿಎಂ ಬದಲಾಗದಿದ್ದರೆ ನಾಯ್ಸ್ ಅಲ್ಲ.

ನನಗೆ ಮಂಗಳವಾರದ ಸ್ಪೆಕ್ಟ್ರಮ್ ಫೋಟೋ ಮೇಲೇ ಕಣ್ಣು. ದಿಬ್ಬದ ಎರಡೂ ಪಕ್ಕದಲ್ಲಿ ಭುಜದಂತೆ ಏನೋ ಎದ್ದಿದೆ. ಒಳ್ಳೆ ಕ್ಯೂಪಿಎಸ್‌ಕೆ ದಿಬ್ಬದ ಪಕ್ಕ ನೇರ ಕೆಳಗಿಳಿಯಬೇಕು. ಭುಜ ಎದ್ದಿದ್ದರೆ ಎಲ್ಲೋ ಸಿಗ್ನಲ್‌ನ ತುದಿ ಕತ್ತರಿಸಿಹೋಗುತ್ತಿದೆ. ಎಲ್ಲಿ ಅಂತ ಹೀಗೆ ಹುಡುಕಿ. ಪ್ಲೂಟೊದ ಟ್ರಾನ್ಸ್‌ಮಿಟ್ ಅಟೆನ್ಯುಯೇಶನ್ 10 ಡಿಬಿ ಹೆಚ್ಚಿಸಿ. ಅನಲೈಸರ್ ಒಳಗೆ ಓವರ್‌ಲೋಡ್ ಆಗುತ್ತಿದ್ದರೆ ಭುಜ ಮಾಯವಾಗುತ್ತದೆ. ದಿಬ್ಬವೂ ಭುಜವೂ ಒಟ್ಟಿಗೇ 10 ಡಿಬಿ ಇಳಿದರೆ, ತಪ್ಪು ಪ್ಲೂಟೊ ಒಳಗಿನ ಆ ಅಟೆನ್ಯುಯೇಟರ್‌ಗಿಂತ ಮುಂಚೆಯೇ ಆಗಿದೆ.

ಹೆಬ್ಬಾಳ_ಬೆಂಚ್
ಬುಧವಾರ, ಸಂಜೆ 8:00

ಸರ್, ಒಪ್ಪಿದೆ. ಈಕ್ವಲೈಸರನ್ನು ಹೀಗೆ ಪರೀಕ್ಷೆಗೆ ಬಳಸಬಹುದು ಅಂತ ನಾನು ಯೋಚಿಸಿರಲಿಲ್ಲ. ನಾಳೆ ನಮ್ಮ ಬೆಂಚ್‌ನಲ್ಲೂ ಆನ್ ಆಫ್ ಎರಡೂ ಬರೆದಿಡುತ್ತೇನೆ.

ಮೇಡಂ, ಅಟೆನ್ಯುಯೇಟರ್ ಮಾತು ಬಂದದ್ದಕ್ಕೆ ಒಂದು ವಿಷಯ. ಹಿಂದೆ ನಾನಿದ್ದ ಒಂದು ಕಡೆ, 5 ವಾಟ್ ವಾಕಿಟಾಕಿಯನ್ನು ಯಾರೋ ನೇರವಾಗಿ ಅನಲೈಸರ್‌ಗೆ ಸಿಕ್ಕಿಸಿ ಬಟನ್ ಒತ್ತಿದರು. 5 ವಾಟ್ ಅಂದರೆ 37 ಡಿಬಿಎಂ. ಆ ಯಂತ್ರದ ಮಿತಿ 30 ಡಿಬಿಎಂ, ಕನೆಕ್ಟರ್ ಪಕ್ಕದಲ್ಲೇ ಬರೆದಿತ್ತು. ಫ್ರಂಟ್ ಎಂಡ್ ಸುಟ್ಟಿತು. ರಿಪೇರಿಗೆ ಹೋದದ್ದು ತಿಂಗಳುಗಟ್ಟಲೆ ಬರಲಿಲ್ಲ. ನಿಮ್ಮ 20 ಡಿಬಿ ಅಟೆನ್ಯುಯೇಟರ್ ಕೇಬಲ್‌ನಿಂದ ಯಾವತ್ತೂ ಬಿಚ್ಚಬೇಡಿ. ಮಕ್ಕಳು ಬಿಚ್ಚದಂತೆ ಟೇಪ್ ಸುತ್ತಿ.

ಕುವೆಂಪುನಗರ_ಎಸ್‌ಡಿಆರ್
ಬುಧವಾರ, ರಾತ್ರಿ 9:15

ಮೇಡಂ, ಸರ್ ಹೇಳಿದ ಪರೀಕ್ಷೆಯಲ್ಲಿ ಭುಜವೂ ಜೊತೆಗೇ ಇಳಿದರೆ ನೇರ ಗ್ನೂ ರೇಡಿಯೋ ಫ್ಲೋಗ್ರಾಫ್ ನೋಡಿ. ಮಾಡ್ಯುಲೇಟರ್ ಬ್ಲಾಕ್ ಮತ್ತು ಪ್ಲೂಟೊ ಸಿಂಕ್ (ಬೋರ್ಡ್‌ಗೆ ಸಿಗ್ನಲ್ ಕಳಿಸುವ ಬ್ಲಾಕ್) ನಡುವೆ ಏನಾದರೂ ಇದೆಯಾ? ನೇರ ಜೋಡಿಸಿದ್ದರೆ ಅಲ್ಲೇ ಸಿಕ್ಕಿತು. ಪ್ಲೂಟೊ ಸಿಗ್ನಲ್‌ನ ಸಂಖ್ಯೆಗಳನ್ನು 1.0 ತನಕ ಮಾತ್ರ ತೆಗೆದುಕೊಳ್ಳುತ್ತದೆ. ರೂಟ್ ರೈಸ್ಡ್ ಕೊಸೈನ್ ಫಿಲ್ಟರ್ ಆದ ಮೇಲೆ ಒಂದು ಸಿಂಬಲ್‌ನಿಂದ ಇನ್ನೊಂದಕ್ಕೆ ಹೋಗುವ ದಾರಿ 1.0 ಮೀರಿ ಹೊರಗೆ ಹೋಗುತ್ತದೆ. ಮೀರಿದ್ದೆಲ್ಲ ಕತ್ತರಿಸಿಹೋಗುತ್ತದೆ. ಮಲ್ಟಿಪ್ಲೈ ಕಾನ್ಸ್ಟ್ ಬ್ಲಾಕ್ ಹಾಕಿ 0.5 ಕೊಡಿ.

ನನಗೂ ಇದು ಗೊತ್ತಾಗಲು ಎರಡು ವಾರ ಹಿಡಿದಿತ್ತು. ನನ್ನ ಹತ್ತಿರ ಅನಲೈಸರ್ ಇರಲಿಲ್ಲ, ಡಾಂಗಲ್ ಮಾತ್ರ. ಡಾಂಗಲ್‌ನ 8 ಬಿಟ್‌ನಲ್ಲಿ ತಪ್ಪು ಅದರದ್ದೋ ನನ್ನದೋ ಅಂತ ಬೇರೆ ಮಾಡುವುದೇ ಕಷ್ಟವಾಗಿತ್ತು.

ಲ್ಯಾಬ್_ಮಂಡ್ಯ
ಗುರುವಾರ, ಸಂಜೆ 6:40

ಸಿಕ್ಕಿತು!

ಒಂದೊಂದೇ ಮಾಡಿದೆ. ಪಿಎನ್9 ಹಾಕಿದೆ, ಸಂಖ್ಯೆ ಕುಣಿಯುವುದು ನಿಂತಿತು, ಆದರೆ ಶೇ 6. ಇನ್‌ಪುಟ್ ರೇಂಜ್ ಸರಿ ಮಾಡಿದೆ, ಶೇ 6. ಪ್ಲೂಟೊದಲ್ಲಿ 10 ಡಿಬಿ ಇಳಿಸಿದೆ. ದಿಬ್ಬ ಇಳಿಯಿತು, ಭುಜವೂ ಅದರ ಜೊತೆಗೇ ಅಷ್ಟೇ ಇಳಿಯಿತು. ಆಗಲೇ ಮೈ ಜುಮ್ಮೆಂದಿತು. ಫ್ಲೋಗ್ರಾಫ್ ತೆರೆದರೆ ಮಾಡ್ಯುಲೇಟರ್ ನೇರ ಸಿಂಕ್‌ಗೆ ಹೋಗಿದೆ. ನಡುವೆ 0.5 ಗುಣಿಸಿದೆ. ಭುಜ ಬಿದ್ದುಹೋಯಿತು. ಇವಿಎಂ ಶೇ 1.9.

ನಾಲ್ಕು ಚುಕ್ಕೆ, ರಂಗೋಲಿ ಹಿಟ್ಟಿನಲ್ಲಿ ಇಟ್ಟ ಹಾಗೆ. ಲ್ಯಾಬ್ ಮುಚ್ಚುವ ಹೊತ್ತಾಗಿತ್ತು, ಆದರೂ ಇಬ್ಬರು ಹುಡುಗಿಯರು ಕಾರಿಡಾರ್‌ನಲ್ಲಿದ್ದರು, ಕರೆದು ತೋರಿಸಿದೆ. ಒಬ್ಬಳು 0.5 ತೆಗೆದು 1 ಹಾಕಿ, ಮತ್ತೆ 0.5 ಹಾಕಿ, ಭುಜ ಏಳುವುದು ಬೀಳುವುದು ನಾಲ್ಕು ಸಲ ನೋಡಿದಳು.

ಹೂಟಗಳ್ಳಿ ಸರ್, ಮಂಗಳವಾರದ ಫೋಟೋದಲ್ಲೇ ಉತ್ತರ ಇತ್ತು ಅಲ್ವಾ? ನಾನು ಅದನ್ನು ನೋಡಿಯೂ ಮುಂದೆ ಹೋಗಿದ್ದೆ. ನಾಳೆ ಕ್ಲಾಸ್‌ನಲ್ಲಿ ಮೊದಲ 20 ನಿಮಿಷ ಡಿಮಾಡ್ಯುಲೇಶನ್ ಮುಟ್ಟುವುದೇ ಇಲ್ಲ. ಮಾರ್ಕರ್ ಇಟ್ಟು ಅವರೇ ಸಿಂಬಲ್ ರೇಟ್ ಕಂಡುಹಿಡಿಯಲಿ.

ಹೂಟಗಳ್ಳಿ_ಹಳಬ
ಗುರುವಾರ, ರಾತ್ರಿ 8:10

ಮೇಡಂ, ತುಂಬಾ ಸಂತೋಷವಾಯಿತು. ನಿಮ್ಮ ಆ ಹುಡುಗಿ ನಾಲ್ಕು ಸಲ ಬದಲಾಯಿಸಿ ನೋಡಿದಳು ಅಂದಿರಲ್ಲ, ಆ ಸಾಲು ಎರಡು ಸಲ ಓದಿದೆ.

1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ, ಆಕಾಶವಾಣಿ ಅಂತ ಹೆಸರಾದ ರೇಡಿಯೋ ಸ್ಟೇಷನ್ ಇಟ್ಟ ಸೀಮೆ ಇದು. ಅವರು ಓದಿಸುತ್ತಿದ್ದದ್ದು ಮನಶ್ಶಾಸ್ತ್ರ. ಕುತೂಹಲವೇ ಅವರನ್ನು ರೇಡಿಯೋಗೆ ತಂದದ್ದು. ಅಂಥ ಮಕ್ಕಳು ನಮ್ಮ ಕಡೆ ಇನ್ನೂ ಇದ್ದಾರೆ.

ನಾಳೆಗೆ ಒಂದು ಕೆಲಸ. ಈಗಿನ ಸೆಟಪ್ಪನ್ನು ಅನಲೈಸರ್‌ನಲ್ಲೇ ಒಂದು ಹೆಸರಿಟ್ಟು ಸೇವ್ ಮಾಡಿ. ಕಾಗದದ ಮೇಲೂ ಬರೆದು ಬೆಂಚ್‌ಗೆ ಅಂಟಿಸಿ. ಇನ್ನೊಂದು ಡೆಮೊದವರು ಬಂದು ಆಲ್ಫಾ ಬದಲಾಯಿಸಿ ಹೋದರೆ ಮತ್ತೆ ಮೂರು ಸಂಜೆ ಹೋಗುವುದು ಬೇಡ.

ಕಬ್ಬಿನಗದ್ದೆ
ಭಾನುವಾರ, ಸಂಜೆ 5:30

ಕುವೆಂಪುನಗರದ ತಮ್ಮ ಬಂದಿದ್ದರು. ಬಂದವರೇ ಮೊದಲು ಡಾಂಗಲ್‌ನಲ್ಲಿ ಮೈಸೂರು ಆಕಾಶವಾಣಿ 100.6 ಹಿಡಿದು, ರಿಸೀವರ್ ಸರಿ ಇದೆ ಅಂದರು. ಆಮೇಲೆ 865. ಚಿಪ್ ಎಸ್‌ಎಕ್ಸ್1276. ಸ್ಪೆಕ್ಟ್ರೋಗ್ರಾಮ್‌ನಲ್ಲಿ ಓರೆ ಗೆರೆ, 125 ಕಿಲೋಹರ್ಟ್ಸ್ ಅಗಲ. ಲೋರಾನೇ. ಗೆರೆ ಒಂದೊಂದು ಮಿಲಿಸೆಕೆಂಡ್ ಚಿಲ್ಲರೆ, ಅಂದರೆ ಸ್ಪ್ರೆಡಿಂಗ್ ಫ್ಯಾಕ್ಟರ್ 7.

ಸೆನ್ಸರ್ ಪ್ರತಿ ಸಲ ಕಳಿಸುತ್ತಲೇ ಇದೆ, ಒಂದೂ ತಪ್ಪಿಲ್ಲ. ಬದುವಿನ ಮೇಲೆ ನಿಂತರೆ ಗೆರೆ ದಟ್ಟವಾಗಿ ಕಾಣುತ್ತದೆ, ಪಂಪ್‌ಹೌಸ್ ಒಳಗೆ ಬಂದರೆ ಮಸುಕು. ನಡುವೆ ಇರುವುದು ಕಬ್ಬು. ಎಲೆಯಲ್ಲಿರುವ ನೀರೇ ಸಿಗ್ನಲ್ ಕುಡಿಯುತ್ತದೆ ಅಂದರು. ರಿಸೀವರ್ ಆಂಟೆನಾವನ್ನು ಪಂಪ್‌ಹೌಸ್ ತಾರಸಿ ಮೇಲೆ ಬಿದಿರಿಗೆ ಕಟ್ಟಿದೆವು. ಒಂದು ಸೆನ್ಸರ್‌ನ ಆಂಟೆನಾವನ್ನೂ ಕಬ್ಬಿನ ತಲೆಗಿಂತ ಮೇಲಕ್ಕೆ ಎತ್ತಿದೆವು. ಮಧ್ಯಾಹ್ನದಿಂದ ಆ ಸೆನ್ಸರ್ ಒಂದೂ ಬಿಟ್ಟಿಲ್ಲ. ಎತ್ತದೇ ಇರುವ ಇನ್ನೊಂದು ಆಗಾಗ ಬಿಡುತ್ತದೆ. ನಾಳೆ ಅದಕ್ಕೂ ಕಂಬ.

ಅವ್ವ ಮುದ್ದೆ ಮಾಡಿದ್ದರು, ಊಟ ಮಾಡಿಸಿಯೇ ಕಳಿಸಿದೆವು.

ಲ್ಯಾಬ್_ಮಂಡ್ಯ
ಭಾನುವಾರ, ರಾತ್ರಿ 9:00

ಓದಿ ಖುಷಿಯಾಯಿತು. ಶುಕ್ರವಾರದ ಕ್ಲಾಸ್ ಚೆನ್ನಾಗಿ ಆಯಿತು. ಏಳು ಗುಂಪಿನಲ್ಲಿ ಐದು ಗುಂಪು ಸಿಂಬಲ್ ರೇಟ್ ತಾವೇ ಕಂಡುಹಿಡಿದರು. ಮುಂದಿನ ವಾರ 16 ಕ್ಯೂಎಎಂ, ಹದಿನಾರು ಚುಕ್ಕೆಯದು. ಈಗಲೇ ಹಾಕಿ ನೋಡಿದೆ, ಶೇ 1.9 ಬಂತು. ಆದರೆ ಇವಿಎಂ ನಾರ್ಮಲೈಸೇಶನ್ ಅಂತ ಒಂದು ಆಯ್ಕೆ ಇದೆ. ಅದನ್ನು ಬದಲಾಯಿಸಿದರೆ ಅದೇ ಸಿಗ್ನಲ್‌ಗೆ ಶೇ 2.5 ತೋರಿಸುತ್ತದೆ. ರೆಕಾರ್ಡ್‌ನಲ್ಲಿ ಯಾವುದನ್ನು ಬರೆಸಲಿ?

ಹೂಟಗಳ್ಳಿ_ಹಳಬ
ಭಾನುವಾರ, ರಾತ್ರಿ 9:40

ಎರಡೂ ಸರಿ, ಹೋಲಿಸುವ ಕೋಲು ಬೇರೆ. ಒಂದು, ನಡುವಿನಿಂದ ತೀರಾ ಹೊರಗಿನ ಮೂಲೆ ಚುಕ್ಕೆಗಿರುವ ದೂರಕ್ಕೆ ಹೋಲಿಸುತ್ತದೆ. ಇನ್ನೊಂದು ಎಲ್ಲ ಚುಕ್ಕೆಗಳ ಆರ್‌ಎಂಎಸ್‌ಗೆ, ಅಂದರೆ ಒಂದು ಬಗೆಯ ಸರಾಸರಿ ದೂರಕ್ಕೆ. ಕ್ಯೂಪಿಎಸ್‌ಕೆಯಲ್ಲಿ ನಾಲ್ಕೂ ಚುಕ್ಕೆ ಒಂದೇ ದೂರ, ಅದಕ್ಕೆ ವ್ಯತ್ಯಾಸ ಕಾಣಲಿಲ್ಲ. 16 ಕ್ಯೂಎಎಂನಲ್ಲಿ ಮೂಲೆ ಚುಕ್ಕೆ ಆರ್‌ಎಂಎಸ್‌ಗಿಂತ 1.34 ಪಟ್ಟು, ಅಂದರೆ 2.55 ಡಿಬಿ ಮೇಲೆ. 1.9ನ್ನು 1.34ರಿಂದ ಗುಣಿಸಿ ನೋಡಿ, ನಿಮ್ಮ 2.5 ಬರುತ್ತದೆ.

4ಜಿ ಮೊಬೈಲ್‌ನ ಎಲ್‌ಟಿಇಯಲ್ಲಿ 16 ಕ್ಯೂಎಎಂಗೆ ಶೇ 12.5, 64 ಕ್ಯೂಎಎಂಗೆ ಶೇ 8 ಅಂತ ಮಿತಿ ಇದೆಯಲ್ಲ, ಅದು ಆರ್‌ಎಂಎಸ್ ಲೆಕ್ಕ. ಮಕ್ಕಳು ಅದರ ಜೊತೆ ಹೋಲಿಸುತ್ತಾರೆ, ಹಾಗಾಗಿ ಆರ್‌ಎಂಎಸ್ ಬರೆಸಿ. ಸಂಖ್ಯೆಯ ಪಕ್ಕದಲ್ಲೇ ಯಾವ ನಾರ್ಮಲೈಸೇಶನ್ ಅಂತಲೂ ಬರೆಸಿ.